ಹಳೇ ಮಿಯಾಟಾಗೆ ಯಾವ ಸಸ್ಪೆನ್ಷನ್? ನಾಲ್ಕೂ ಹಾಕಿ ನೋಡಿದ ಮೇಲೆ

ತೀರ್ಪು ಮೊದಲೇ ಹೇಳಿಬಿಡುತ್ತೇನೆ, ಪೂರ್ತಿ ಓದಲು ಪುರುಸೊತ್ತು ಇಲ್ಲದವರಿಗೆ ಅಷ್ಟು ಸಾಕು. ಮೊದಲ ತಲೆಮಾರಿನ ಮಜ್ದಾ ಮಿಯಾಟಾವನ್ನು (ಎರಡೇ ಸೀಟಿನ ಓಪನ್ ಕಾರು) ಮಾಮೂಲಿ ರಸ್ತೆಯಲ್ಲಿ ಓಡಿಸುವವರು ಕೋನಿ ಅಥವಾ ಬಿಲ್‌ಸ್ಟೈನ್ ಕಂಪನಿಯ ಶಾಕ್ (ಶಾಕ್ ಅಬ್ಸಾರ್ಬರ್) ಹಾಕಿ, ಒಳ್ಳೇ ಟೈರ್ ಹಾಕಿ, ಚಕ್ರಗಳು ನಿಲ್ಲುವ ಕೋನ, ಅಂದ್ರೆ ಅಲೈನ್‌ಮೆಂಟ್, ಸರಿ ಮಾಡಿಸಿ. ಅಗ್ಗದ ಕಾಯ್ಲೋವರ್ (ಸ್ಪ್ರಿಂಗ್, ಶಾಕ್ ಒಟ್ಟಿಗೇ ಬರುವ, ಎತ್ತರ ಬದಲಿಸಬಹುದಾದ ಸೆಟ್) ಬೇಡ. ಯಾಕೆ ಅನ್ನೋದು ಸ್ವಲ್ಪ ಉದ್ದದ ವಿಷಯ.

ನನ್ನದು 1994ರ ಕಾರು. 1.8 ಲೀಟರ್ ಎಂಜಿನ್, 128 ಹಾರ್ಸ್‌ಪವರ್, ತೂಕ ಒಂದು ಟನ್ ಚಿಲ್ಲರೆ. ಇವತ್ತಿನ ಸಾಧಾರಣ ಫ್ಯಾಮಿಲಿ ಕಾರಿಗೂ ಇದಕ್ಕಿಂತ ಜಾಸ್ತಿ ಪವರ್ ಇರುತ್ತದೆ. ಆದರೂ 1989ರಲ್ಲಿ ಬಂದ ಈ ಪುಟ್ಟ ಕಾರಿನ ಹಿಂದೆ ಜನ ಇನ್ನೂ ಬೀಳುತ್ತಾರೆ ಅಂದ್ರೆ ಅದು ಎಂಜಿನ್‌ಗಾಗಿ ಅಲ್ಲ. ನಾಲ್ಕೂ ಚಕ್ರಕ್ಕೆ ಡಬಲ್ ವಿಶ್‌ಬೋನ್ (ಚಕ್ರವನ್ನು ಮೇಲೊಂದು ಕೆಳಗೊಂದು ತೋಳು ಹಿಡಿದಿರುವ ಏರ್ಪಾಡು), ಎಂಜಿನ್ ಶಕ್ತಿ ಹೋಗೋದು ಹಿಂದಿನ ಚಕ್ರಕ್ಕೆ, ಮುಂದೆ ಹಿಂದೆ ತೂಕ ಹೆಚ್ಚುಕಡಿಮೆ ಸಮ. ಇದೆಲ್ಲ ಇವತ್ತು ದುಬಾರಿ ಕಾರಲ್ಲಿ ಹುಡುಕಬೇಕು. ಹಾಗಾಗಿ ಈ ಕಾರಲ್ಲಿ ಏನಾದರೂ ಮಾಡಬೇಕು ಅನಿಸಿದರೆ ಕೈ ಮೊದಲು ಹೋಗಬೇಕಾದ್ದು ಸಸ್ಪೆನ್ಷನ್‌ಗೆ.

ಇನ್ನೊಂದು ಕಾರಣವೂ ಇದೆ. ನಾನಿರುವುದು ಕ್ಯಾಲಿಫೋರ್ನಿಯಾದ ಬೇ ಏರಿಯಾದಲ್ಲಿ. ಇಲ್ಲಿ ಈ ವಯಸ್ಸಿನ ಕಾರಿಗೆ ಎರಡು ವರ್ಷಕ್ಕೊಮ್ಮೆ ಸ್ಮಾಗ್ ಟೆಸ್ಟ್ (ಹೊಗೆ ತಪಾಸಣೆ) ಆಗಲೇಬೇಕು. ಟರ್ಬೋ ಹಾಕಬೇಕು ಅಂದ್ರೆ ಆ ಕಿಟ್‌ಗೆ ರಾಜ್ಯದ ಏರ್ ರಿಸೋರ್ಸಸ್ ಬೋರ್ಡ್ ಕೊಟ್ಟ ಇಒ ನಂಬರ್ (ಒಪ್ಪಿಗೆಯ ಸಂಖ್ಯೆ) ಇರಬೇಕು, ಇಲ್ಲಾಂದ್ರೆ ಬಾನೆಟ್ ಎತ್ತಿ ನೋಡಿದ ಕೂಡಲೇ ಫೇಲ್. ಶಾಕು, ಸ್ಪ್ರಿಂಗು, ಟೈರಿನ ತಂಟೆಗೆ ಆ ಟೆಸ್ಟ್‌ನವರು ಬರುವುದಿಲ್ಲ.

ಹೋಲಿಕೆ ಅಂದ ಮೇಲೆ ನ್ಯಾಯ ಇರಬೇಕು. ಅದಕ್ಕೇ ನಾಲ್ಕು ಸೆಟ್‌ಗೂ ಒಂದೇ ಟೈರು, 195/50 ಆರ್15 (ಅಗಲ 195 ಮಿಲಿಮೀಟರ್, ಪಕ್ಕದ ಎತ್ತರ ಆ ಅಗಲದ ಶೇಕಡಾ 50, ರಿಮ್ 15 ಇಂಚು). ಪ್ರತಿ ಸಲ ಅಲೈನ್‌ಮೆಂಟ್ ಹೊಸದಾಗಿ ಮಾಡಿಸಿ ಅದೇ ಅಂಕೆಗಳಿಗೆ ತಂದಿದ್ದೇನೆ. ರಸ್ತೆಯೂ ಅದೇ: 880 ಹೈವೇಯ ಕಾಂಕ್ರೀಟ್ ಜಾಯಿಂಟ್‌ಗಳ ಮೇಲೆ ಒಂದಿಷ್ಟು, ಆಮೇಲೆ ಬೆಟ್ಟ ಹತ್ತಿ ಸ್ಕೈಲೈನ್ ಬುಲೆವಾರ್ಡ್, ಅಲ್ಲಿಂದ 84ನೇ ಹೈವೇಯಲ್ಲಿ ಲಾ ಹೋಂಡಾ ಊರಿನ ಕಡೆ ಇಳಿಯೋದು. ನೆಟ್ಟಗಿನ ರಸ್ತೆ, ತಿರುವು, ಪ್ಯಾಚ್ ಹಾಕಿದ ಜಾಗ, ಮರದ ಬೇರು ಎತ್ತಿದ ಟಾರು ಎಲ್ಲವೂ ಸಿಗುತ್ತವೆ.

ಮೊದಲು ಕಾಯ್ಲೋವರ್. ಹಿಂದಿನ ಮಾಲೀಕ ಹಾಕಿಸಿದ್ದ ಸೆಟ್ ಕಾರಿನ ಜೊತೆಗೇ ಬಂತು. ಯಾವ ಕಂಪನಿ ಅನ್ನೋದು ಬೇಡ, ಅಂಥವು ಹತ್ತಾರು ಇವೆ. ಬಣ್ಣ ಬಣ್ಣದ ಸ್ಪ್ರಿಂಗ್, ಶಾಕ್‌ನ ಬಿಗಿ ಬದಲಿಸಲು ಮೇಲೆ ತಿರುಗಿಸುವ ಗುಂಡಿ, ಎತ್ತರ ಬೇಕಾದಂತೆ ಇಳಿಸಬಹುದು. ನೋಡೋಕೆ ಕಾರು ಸಖತ್ತಾಗಿ ಕಾಣುತ್ತಿತ್ತು, ಅದರಲ್ಲಿ ಎರಡು ಮಾತಿಲ್ಲ. ಚಕ್ರದ ನಡುವಿನಿಂದ ಅದರ ಮೇಲಿನ ಫೆಂಡರ್ (ಮಡ್‌ಗಾರ್ಡ್) ಅಂಚಿಗೆ ಟೇಪ್ ಹಿಡಿದರೆ ಹನ್ನೊಂದೂವರೆ ಇಂಚು. ನುಣ್ಣನೆ ರಸ್ತೆಯಲ್ಲಿ ಸ್ಟೇರಿಂಗ್ ತಿರುಗಿಸಿದ ಕ್ಷಣ ಕಾರು ತಿರುಗುತ್ತಿತ್ತು, ವಾಲುವುದೇ ಇಲ್ಲ. ಮೊದಲ ಸಲ ಕೂತವರಿಗೆ ಅಬ್ಬಾ ಅನಿಸುತ್ತದೆ.

ಆದರೆ ಲಾ ಹೋಂಡಾ ಇಳಿಜಾರಲ್ಲಿ ತಿರುವಿನ ನಡುವೆ ಒಂದು ಸಣ್ಣ ಉಬ್ಬು ಸಿಕ್ಕರೂ ಹಿಂಭಾಗ ಪಕ್ಕಕ್ಕೆ ಹಾರುತ್ತಿತ್ತು. ಸ್ಪ್ರಿಂಗ್ ಗಟ್ಟಿ ಇರುವುದಕ್ಕೆ ಹೀಗೆ ಅಂದುಕೊಳ್ಳುತ್ತಾರೆ ಎಲ್ಲರೂ. ಪೂರ್ತಿ ನಿಜ ಅಲ್ಲ. ಇದನ್ನು ಮನೆಯಲ್ಲೇ ಪತ್ತೆ ಮಾಡುವ ಒಂದು ಸುಲಭ ಉಪಾಯ ಇದೆ. ಶಾಕ್‌ನ ಹೊಳೆಯುವ ದಂಡ ಇರುತ್ತಲ್ಲ, ಅದಕ್ಕೆ ಒಂದು ಜಿಪ್ ಟೈ (ಕಟ್ಟುವ ಪ್ಲಾಸ್ಟಿಕ್ ಪಟ್ಟಿ) ಬಿಗಿಯಾಗಿ ಕಟ್ಟಿ ಕೆಳಗೆ, ಶಾಕ್‌ನ ಬಾಯಿಗೆ ತಾಗುವಂತೆ ತಳ್ಳಿ. ಓಡಿಸಿ ಬನ್ನಿ. ಶಾಕ್ ಎಷ್ಟು ಒಳಗೆ ಹೋಗಿದೆಯೋ ಅಷ್ಟು ಮೇಲೆ ಆ ಜಿಪ್ ಟೈ ಸರಿದು ನಿಂತಿರುತ್ತದೆ. ನನ್ನ ಕಾರಲ್ಲಿ ಹಿಂದಿನ ಎರಡೂ ಶಾಕ್‌ಗಳ ಜಿಪ್ ಟೈ ಬಂಪ್ ಸ್ಟಾಪ್ (ಶಾಕ್ ಪೂರ್ತಿ ಒಳಗೆ ಹೋಗಿ ಬಡಿಯದಂತೆ ತಡೆಯುವ ಫೋಮಿನ ತುಂಡು) ಒಳಗೇ ಸಿಕ್ಕಿಕೊಂಡಿತ್ತು, ಹಳದಿ ಫೋಮಿನ ಮೇಲೆ ಅದರ ಅಚ್ಚು ಬೇರೆ ಮೂಡಿತ್ತು. ಅಂದ್ರೆ ಕಾರು ಓಡುತ್ತಿದ್ದದ್ದು ಸ್ಪ್ರಿಂಗ್ ಮೇಲಲ್ಲ, ಆ ಫೋಮಿನ ತುಂಡಿನ ಮೇಲೆ.

ಕಾರಣ ಸರಳ. ಈ ಕಾರಿಗೆ ಕಂಪನಿಯಿಂದ ಬರುವಾಗಲೇ ಶಾಕ್ ಕೆಳಗೆ ಮೇಲೆ ಆಡುವ ಜಾಗ ಕಮ್ಮಿ. ಸ್ಪ್ರಿಂಗ್ ಕೂರುವ ಬಿಲ್ಲೆಯನ್ನೇ ತಿರುಗಿಸಿ ಕಾರು ಇಳಿಸಿದರೆ ಇರುವ ಜಾಗವನ್ನೂ ತಿಂದುಹಾಕಿದ ಹಾಗೆ. ಕೆಲವು ಕಾಯ್ಲೋವರ್‌ಗಳಲ್ಲಿ ಶಾಕ್‌ನ ಕೆಳಗಿನ ತುದಿಯನ್ನೇ ತಿರುಗಿಸಿ ಎತ್ತರ ಬದಲಿಸಬಹುದು, ಅದರಲ್ಲಿ ಆಟದ ಜಾಗ ಉಳಿಯುತ್ತದೆ. ಕೊಳ್ಳುವವರು ಇದೊಂದನ್ನು ಕೇಳಿ ತಿಳಿದುಕೊಳ್ಳಿ, ಗುಂಡಿಗೆ ಎಷ್ಟು ಕ್ಲಿಕ್ ಇದೆ ಅಂತಲ್ಲ. ಕ್ಲಿಕ್ ಸುಮ್ನೆ. ನನ್ನ ಸೆಟ್‌ನಲ್ಲಿ ಗುಂಡಿಯನ್ನು ಈ ತುದಿಯಿಂದ ಆ ತುದಿಗೆ ತಿರುಗಿಸಿದರೂ ಗೊತ್ತಾಗುತ್ತಿದ್ದದ್ದು ಎರಡೇ ಬಗೆ: ಕುಲುಕೋದು ಮತ್ತು ಜಾಸ್ತಿ ಕುಲುಕೋದು. ಶಾಕ್‌ನ ಮೇಲ್ತುದಿಯನ್ನು ಕಾರಿಗೆ ಹಿಡಿಸುವ ಪಿಲ್ಲೋ ಬಾಲ್ ಮೌಂಟ್‌ನಲ್ಲಿ ರಬ್ಬರ್ ಇರುವುದಿಲ್ಲ, ಹಾಗಾಗಿ 880ರಲ್ಲಿ ಪ್ರತಿ ಜಾಯಿಂಟ್‌ಗೂ ಕಿವಿ ಹಿಂದೆ ಟಕ್ ಟಕ್. ಊರಿಂದ ಬಂದಿದ್ದ ಅಪ್ಪ ಫ್ರೀಮಾಂಟ್‌ವರೆಗೆ ಬಾಯಿ ಬಿಡದೆ ಕೂತಿದ್ದು, ಇಳಿದ ಮೇಲೆ ಕೇಳಿದ್ದು ಒಂದೇ: "ಅಲ್ಲ ಕಣೋ, ಮೆತ್ತಗಿರೋದನ್ನ ದುಡ್ಡು ಕೊಟ್ಟು ಗಟ್ಟಿ ಮಾಡಿಸ್ತಾರಾ ಯಾರಾದ್ರೂ?" ನಾನು ಮಾಡಿಸಿದ್ದಲ್ಲಪ್ಪಾ ಅಂದರೆ ನಂಬಲಿಲ್ಲ.

ಎರಡನೆಯದು ಕಂಪನಿ ಸ್ಪ್ರಿಂಗ್ ಜೊತೆ ಕೆವೈಬಿ ಶಾಕ್, ಅಂದ್ರೆ ಹೊಸದರಲ್ಲಿ ಕಾರು ಹೇಗಿತ್ತೋ ಹೆಚ್ಚುಕಡಿಮೆ ಹಾಗೆ. ಇದರ ಬಗ್ಗೆ ಹೇಳಲು ಜಾಸ್ತಿ ಇಲ್ಲ. ಮೆತ್ತಗಿದೆ, ವಾಲುತ್ತದೆ, ವಾಲಿದರೂ ಟೈರು ನೆಲ ಬಿಡುವುದಿಲ್ಲ. ಎಲ್ಲಕ್ಕಿಂತ ಅಗ್ಗ. ಹೈವೇಯಲ್ಲಿ ಲಾರಿ ಪಕ್ಕದಲ್ಲಿ ಹೋದರೆ ಸ್ವಲ್ಪ ತೇಲಿದ ಹಾಗಾಗುತ್ತದೆ. ಆದರೆ ಒಂದು ಮಾತು ಗಮನಿಸಿ: ಲಾ ಹೋಂಡಾ ಇಳಿಜಾರಲ್ಲಿ ಕಾಯ್ಲೋವರ್‌ಗಿಂತ ಇದರಲ್ಲೇ ನಾನು ಧೈರ್ಯವಾಗಿ ಹೋಗುತ್ತಿದ್ದೆ. ಮೂವತ್ತು ವರ್ಷ ಹಳೇ ಶಾಕ್ ಇರುವ ಮಿಯಾಟಾ ಓಡಿಸಿ "ಸ್ಟಾಕ್ (ಕಂಪನಿಯಿಂದ ಬಂದದ್ದು) ಚೆನ್ನಾಗಿಲ್ಲ" ಅನ್ನುವವರು ಬಹಳ ಜನ. ಸತ್ತ ಶಾಕ್‌ಗೂ ಸ್ಟಾಕ್ ಶಾಕ್‌ಗೂ ವ್ಯತ್ಯಾಸ ಇದೆ, ಅಲ್ವಾ?

ಮೂರನೆಯದು ಬಿಲ್‌ಸ್ಟೈನ್, ಅದೇ ಕಂಪನಿ ಸ್ಪ್ರಿಂಗ್ ಜೊತೆ. ಪುತ್ತೂರಿನ ಗೆಳೆಯನೊಬ್ಬ ಸ್ಯಾನ್ ಹೋಸೆಯಲ್ಲಿದ್ದಾನೆ, ಅವನ ಕಾರು ಎಂಜಿನ್ ಬಿಚ್ಚಿ ಗ್ಯಾರೇಜಿನಲ್ಲಿ ನಿಂತಿತ್ತು, ಅವನ ಶಾಕ್‌ಗಳನ್ನು ಕೇಳಿ ತಂದೆ. "ತಕೊಂಡು ಹೋಗು ಮಾರಾಯ, ಕಾರೇ ಇಲ್ಲ, ಶಾಕ್ ಇಟ್ಕೊಂಡು ಎಂತ ಮಾಡ್ಲಿ" ಅಂದ. 1994ರಲ್ಲಿ ಮಜ್ದಾದವರೇ ಆರ್ ಪ್ಯಾಕೇಜ್ ಅಂತ ಮಾರಿದ ಕಾರಿಗೆ ಬಿಲ್‌ಸ್ಟೈನ್ ಬರುತ್ತಿತ್ತು, ಹಾಗಾಗಿ ಇದು ಹೊರಗಿನ ಪಾರ್ಟ್ ಅನ್ನೋಕೂ ಆಗಲ್ಲ. ಇದರಲ್ಲಿ ತಿರುಗಿಸೋಕೆ ಏನೂ ಇಲ್ಲ. ಒಳಗೆ ಒಂದೇ ಕೊಳವೆ, ಗ್ಯಾಸಿನ ಒತ್ತಡ, ಅಷ್ಟೇ. ಹಾಕಿ, ಮರೆತುಬಿಡಿ. ಸ್ಟೇರಿಂಗ್ ತಿರುಗಿಸಿದಾಗ ಮೊದಲ ಕ್ಷಣದ ತೂಗಾಟ ಹೋಯಿತು, ಆದರೆ ಬೇರು ಎತ್ತಿದ ಟಾರಿನ ಮೇಲೆ ಚಕ್ರ ತನ್ನ ಪಾಡಿಗೆ ಮೇಲೆ ಕೆಳಗೆ ಆಡಿಕೊಂಡು ಹೋಗುತ್ತದೆ, ಕಾರಿನ ಮೈ ಅಲುಗುವುದಿಲ್ಲ. ನಿಧಾನಕ್ಕೆ ಹೋಗುವಾಗ, ಅಂದ್ರೆ ಅಪಾರ್ಟ್‌ಮೆಂಟ್ ಒಳಗಿನ ಹಂಪುಗಳ ಮೇಲೆ, ಸ್ವಲ್ಪ ಗಡಸು ಅನಿಸಿತು. ವೇಗ ಹೆಚ್ಚಿದಷ್ಟೂ ಚೆನ್ನಾಗಿದೆ.

ನಾಲ್ಕನೆಯದು ಹಳದಿ ಬಣ್ಣದ ಕೋನಿ, ಜೊತೆಗೆ ಒಂದಿಂಚು ಇಳಿಸುವ ಸ್ಪ್ರಿಂಗ್. ಈಗ ಕಾರಲ್ಲಿರುವುದು ಇದೇ. ಕೋನಿಯಲ್ಲಿ ಹೊಂದಿಸಬಹುದಾದ್ದು ರೀಬೌಂಡ್ ಒಂದೇ, ಅಂದ್ರೆ ಒಳಗೆ ಹೋದ ಶಾಕ್ ಮತ್ತೆ ಎಷ್ಟು ಬೇಗ ಹೊರಗೆ ಚಾಚಿಕೊಳ್ಳುತ್ತದೆ ಅನ್ನೋದು. ಬಾನೆಟ್ ಎತ್ತಿದರೆ ಮುಂದಿನ ಎರಡಕ್ಕೆ ಕೈ ಎಟುಕುತ್ತದೆ, ಡಿಕ್ಕಿಯೊಳಗೆ ತಲೆ ತೂರಿಸಿದರೆ ಹಿಂದಿನವಕ್ಕೆ. ಇಲ್ಲಿ ಕಾಲು ಸುತ್ತು ತಿರುಗಿಸಿದರೂ ಕಾರು ಬದಲಾದದ್ದು ಸೀಟಿನಲ್ಲಿ ಗೊತ್ತಾಗುತ್ತದೆ. ಪೂರ್ತಿ ಬಿಗಿ ಮಾಡಬೇಡಿ, ಉಬ್ಬುಗಳು ಒಂದರ ಹಿಂದೆ ಒಂದು ಬಂದಾಗ ಶಾಕ್ ಚಾಚಿಕೊಳ್ಳೋಕೆ ಪುರುಸೊತ್ತೇ ಸಿಗದೆ ಕಾರು ಕೆಳಗೆ ಕೆಳಗೆ ಕುಸಿಯುತ್ತದೆ. ಹೈವೇಗೆ ಸಡಿಲ, ಬೆಟ್ಟಕ್ಕೆ ಅರ್ಧ ಸುತ್ತು ಬಿಗಿ, ನಾನು ಮಾಡೋದು ಇಷ್ಟೇ.

ಬಿಲ್‌ಸ್ಟೈನೋ ಕೋನಿಯೋ ಅಂದ್ರೆ, ನಿಜ ಹೇಳಬೇಕಂದ್ರೆ ಎರಡೂ ಸರಿ. ಕೈಯಾಡಿಸುವ ಚಪಲ ಇರುವವರಿಗೆ ಕೋನಿ. ಹಂಪುಗಳ ಮೇಲೂ ಕೋನಿಯೇ ಮೆತ್ತಗೆ. ಸ್ಪ್ಯಾನರ್ ಮುಟ್ಟೋದೇ ಬೇಡ ಅನ್ನುವವರಿಗೆ ಬಿಲ್‌ಸ್ಟೈನ್.

ಯಾವುದನ್ನೇ ಹಾಕಿ, ಜೊತೆಗೆ ಒಂದು ಕೆಲಸ ಮಾಡಿ. 1999ರಿಂದ 2005ರವರೆಗಿನ ಎರಡನೇ ತಲೆಮಾರಿನ ಮಿಯಾಟಾದ ಶಾಕ್ ಮೇಲಿನ ಮೌಂಟ್‌ಗಳು ನಮ್ಮ ಕಾರಿಗೂ ಕೂರುತ್ತವೆ. ಅವನ್ನು ಹಾಕಿದರೆ ಶಾಕ್ ಆಡಲು ಜಾಗ ಜಾಸ್ತಿ ಸಿಗುತ್ತದೆ, ಮುಖ್ಯವಾಗಿ ಹಿಂದೆ. ಗುಜರಿಯಲ್ಲಿ ಸಿಗುವ ಪಾರ್ಟ್. ಕೋನಿ ಹಾಕುವಾಗ ಇದನ್ನೂ ಹಾಕಿದೆ, ಮತ್ತೆ ಜಿಪ್ ಟೈ ಕಟ್ಟಿ ಅದೇ ರಸ್ತೆಯಲ್ಲಿ ಹೋಗಿ ಬಂದೆ. ಬಂಪ್ ಸ್ಟಾಪ್‌ಗೆ ಇನ್ನೂ ಒಂದು ಬೆರಳು ಜಾಗ ಉಳಿದಿತ್ತು, ಅದೂ ಒಂದಿಂಚು ಇಳಿಸಿದ ಕಾರಲ್ಲಿ. ಫೆಂಡರ್ ಎತ್ತರ ಈಗ ಹದಿಮೂರು ಇಂಚಿನ ಹತ್ತಿರ. ಫೋಟೋದಲ್ಲಿ ಕಾಯ್ಲೋವರ್ ಕಾಲದಷ್ಟು ಸ್ಟೈಲಾಗಿ ಕಾಣಲ್ಲ, ಅದು ಒಪ್ಪಬೇಕು.

ಟೈರಿನ ಬಗ್ಗೆಯೂ ಹೇಳಬೇಕು, ಯಾಕಂದ್ರೆ ಶಾಕ್‌ಗಿಂತ ಮುಂಚೆ ದುಡ್ಡು ಹೋಗಬೇಕಾದ್ದು ಅಲ್ಲಿಗೆ. ಕಂಪನಿಯಿಂದ ಬಂದದ್ದು 185/60 ಆರ್14. ಅದರ ವ್ಯಾಸ ಸುಮಾರು 578 ಮಿಲಿಮೀಟರ್. 195/50 ಆರ್15 ಹಾಕಿದರೆ 576, ಅಂದ್ರೆ ಸ್ಪೀಡೋಮೀಟರ್ ಲೆಕ್ಕ ತಪ್ಪಲ್ಲ. 205/50 ಆರ್15 ಹಾಕಿದರೆ 586. ಎಲ್ಲರೂ ಹೇಳೋದು 205 ಹಾಕಿ, ಎಂಟಿಂಚು ಅಗಲದ ರಿಮ್ ಹಾಕಿ ಅಂತ. ಗೆಳೆಯನ ಚಕ್ರಗಳನ್ನೂ ತಂದು ಹಾಕಿ ನೋಡಿದೆ, ಟ್ರೆಡ್‌ವೇರ್ (ಸವೆತದ ಅಂಕೆ) 200ರ, ಅಂದ್ರೆ ಬೇಗ ಸವೆಯುವ ಮೆತ್ತನೆ ರಬ್ಬರಿನ ಬ್ರಿಡ್ಜ್‌ಸ್ಟೋನ್ ಆರ್‌ಇ-71ಆರ್‌ಎಸ್. ಹಿಡಿತ ಅಂದ್ರೆ ಹಿಡಿತ, ಸುಳ್ಳಲ್ಲ. ಆದರೆ 128 ಹಾರ್ಸ್‌ಪವರ್‌ನ ಕಾರಿಗೆ ಅಷ್ಟು ಹಿಡಿತ ಕೊಟ್ಟರೆ ಮಜಾ ಬರಬೇಕಾದ ವೇಗ ಎಲ್ಲಿಗೋ ಹೋಗಿ ಕೂರುತ್ತದೆ, ಆ ವೇಗದಲ್ಲಿ 84ರಲ್ಲಿ ಹೋದರೆ ಎದುರಿಗೆ ಸೈಕಲ್ ಬಂದಾಗ ದೇವರೇ ಗತಿ. ರಸ್ತೆಯಲ್ಲಿ ಉದ್ದಕ್ಕೆ ಗೀರು ಇದ್ದರೆ ಸ್ಟೇರಿಂಗ್ ಅದರ ಹಿಂದೆಯೇ ಎಳೆಯುತ್ತದೆ ಬೇರೆ. ಹಳೇ ಹದಿನಾಲ್ಕಿಂಚು ಚಕ್ರ ತುಂಬಾ ಹಗುರ, ಅದರಲ್ಲಿ ಕಾರು ನಿಧಾನ ವೇಗದಲ್ಲೇ ಕುಣಿಯುತ್ತದೆ, ಆದರೆ ಆ ಸೈಜಿನಲ್ಲಿ ಒಳ್ಳೇ ಟೈರ್ ಈಗ ಹುಡುಕಿದರೂ ಕಷ್ಟ. ಹಾಗಾಗಿ ನನ್ನ ಓಟು 195ಕ್ಕೆ.

ಅಲೈನ್‌ಮೆಂಟ್‌ಗೆ ನನ್ನ ಅಂಕೆ: ಮುಂದೆ ಕ್ಯಾಂಬರ್ (ಚಕ್ರ ವಾಲುವ ಕೋನ, ಮೈನಸ್ ಅಂದ್ರೆ ಮೇಲ್ಭಾಗ ಒಳಕ್ಕೆ) ಮೈನಸ್ 1.2 ಡಿಗ್ರಿ, ಹಿಂದೆ ಮೈನಸ್ 1.7. ನಾಲ್ಕೂ ಚಕ್ರಕ್ಕೆ ಹೊಂದಿಸಬಹುದು, ಈ ಬೆಲೆಯ ಕಾರುಗಳಲ್ಲಿ ಇದೂ ಅಪರೂಪ. ಆದರೆ ಹೊಂದಿಸುವ ಬೋಲ್ಟ್‌ಗಳು ತುಕ್ಕು ಹಿಡಿದು ಒಳಗಿನ ಕೊಳವೆಗೆ ಅಂಟಿಕೊಂಡಿರುತ್ತವೆ. ಅಂಗಡಿಗೆ ಹೋಗುವ ಹಿಂದಿನ ದಿನವೇ ತುಕ್ಕು ಬಿಡಿಸುವ ಎಣ್ಣೆ ಹಾಕಿ, ನೀವೇ ಒಂದು ಸಲ ಅಲುಗಾಡಿಸಿ ನೋಡಿ.

ಕಾಯ್ಲೋವರ್ ಯಾರಿಗೂ ಬೇಡ ಅಂತ ಅಲ್ಲ. ಥಂಡರ್‌ಹಿಲ್, ಲಗೂನಾ ಸೆಕಾ ತರಹದ ಟ್ರ್ಯಾಕ್‌ಗೇ ಕಾರು ಮೀಸಲಿಟ್ಟವರಿಗೆ ಗಟ್ಟಿ ಸ್ಪ್ರಿಂಗ್ ಬೇಕು, ಒಂದೊಂದು ಚಕ್ರದ ಮೇಲೆ ಬೀಳುವ ತೂಕ ಹೊಂದಿಸೋಕೆ ಎತ್ತರ ಬದಲಿಸುವಂತಿರಬೇಕು. ಓಲಿನ್ಸ್, ಕ್ಸಿಡಾ ತರಹದ ದುಬಾರಿ ಸೆಟ್‌ಗಳ ಮಾತೇ ಬೇರೆ, ಅವನ್ನು ನಾನು ಹಾಕಿ ನೋಡಿಲ್ಲ, ಹಾಗಾಗಿ ಇಲ್ಲಿ ತರುವುದಿಲ್ಲ.

ಇನ್ನು ಬುಶ್, ಅಂದ್ರೆ ವಿಶ್‌ಬೋನ್‌ನ ಕೀಲುಗಳಲ್ಲಿ ಕೂರುವ ಮೆತ್ತೆ. ಕೋನಿ ಹಾಕುವಾಗ ಹಳೇ ರಬ್ಬರ್ ಬುಶ್‌ಗಳು ಬಿರುಕು ಬಿಟ್ಟಿರುವುದು ಕಂಡಿತ್ತು, ಮುಂದಿನ ಕೆಲಸ ಅದೇ. ಗೆಳೆಯನ ಕಾರಲ್ಲಿ ಪಾಲಿಯೂರಿಥೇನ್ (ರಬ್ಬರ್‌ಗಿಂತ ಗಟ್ಟಿ ಪ್ಲಾಸ್ಟಿಕ್) ಬುಶ್ ಇದೆ, ಸ್ಟೇರಿಂಗ್ ಚುರುಕು ನಿಜ, ಆದರೆ ಗ್ರೀಸ್ ಒಣಗಿದ ಕೂಡಲೇ ಪಾರ್ಕಿಂಗಿನಲ್ಲಿ ಕಿರ್ ಕಿರ್ ಶುರು. ನಾನು ರಬ್ಬರೇ ಹಾಕುವವನು. ರಬ್ಬರ್ ಹಾಕುವವರು ಒಂದು ನೆನಪಿಡಿ: ಕಾರು ಜಾಕ್ ಮೇಲಿದ್ದಾಗ ವಿಶ್‌ಬೋನ್ ಬೋಲ್ಟ್‌ಗಳನ್ನು ಪೂರ್ತಿ ಬಿಗಿಯಬೇಡಿ. ಕೆಳಗಿಳಿಸಿ, ಒಂದಿಷ್ಟು ಹಿಂದೆ ಮುಂದೆ ತಳ್ಳಿ, ಕಾರು ತನ್ನ ಎತ್ತರಕ್ಕೆ ಕೂತ ಮೇಲೆ ಬಿಗಿಯಿರಿ. ಇಲ್ಲದಿದ್ದರೆ ರಬ್ಬರ್ ಸದಾ ತಿರುಚಿಕೊಂಡೇ ಇದ್ದು ಬೇಗ ಹರಿದುಹೋಗುತ್ತದೆ, ಕೆಲಸವೆಲ್ಲ ಮತ್ತೆ ಮೊದಲಿಂದ.