ಗಂಟುಕಲ್ಲಿನೊಳಗಿನ ಸೂಕ್ಷ್ಮ ಪಳೆಯುಳಿಕೆಗಳು: ಒಂದು ಸ್ಲೈಡ್ ಪೆಟ್ಟಿಗೆಯ ವಿಮರ್ಶೆ

ಕಾರವಾರದಲ್ಲಿ ಭೂವಿಜ್ಞಾನ ಹೇಳಿಕೊಡುವವರಿಗೆ ಸೂಕ್ಷ್ಮ ಪಳೆಯುಳಿಕೆಗಳ ಪಾಠ ಬಂದಾಗ ತೋರಿಸಲು ಕಲ್ಲೇ ಇರುವುದಿಲ್ಲ. ಕಾಳಿ ನದಿ ಕಡಲು ಸೇರುವಲ್ಲಿನ ಕೆಸರಿನಲ್ಲಿ ಇಂದಿನ ಫೊರಾಮಿನಿಫೆರಗಳ (ಹೆಚ್ಚಾಗಿ ಸುಣ್ಣದ ಚಿಪ್ಪಿರುವ ಏಕಕೋಶ ಜೀವಿಗಳು) ಚಿಪ್ಪುಗಳು ಸಿಗುತ್ತವೆ, ನಿಜ. ಆದರೆ ಸುತ್ತಲಿರುವುದು ಗ್ರಾನೈಟ್, ನೈಸ್ ಮತ್ತು ಜಂಬಿಟ್ಟಿಗೆ, ಯಾಣದ ಸುಣ್ಣಶಿಲೆಯಂತೂ ಇಂಥ ಜೀವಿಗಳು ಹುಟ್ಟುವುದಕ್ಕೂ ಬಹಳ ಹಿಂದಿನದು. ಅಂಚೆಯಲ್ಲಿ ತರಿಸಿದ ಈ ಪೆಟ್ಟಿಗೆ ಆ ಕೊರತೆಯನ್ನು ಬಹುಮಟ್ಟಿಗೆ ನೀಗಿಸುತ್ತದೆ.

ಇದರ ಹೆಚ್ಚುಗಾರಿಕೆ ಇರುವುದು ಜೋಡಣೆಯಲ್ಲಿ. ಒಂದೇ ಪದರದಿಂದ ಎರಡು ಸ್ಲೈಡ್‌ಗಳನ್ನು ಕೊಟ್ಟಿದ್ದಾರೆ: ಒಂದು ಕಾರ್ಬೊನೇಟ್ ಗಂಟುಕಲ್ಲಿನದು (ಕೆಸರಿನೊಳಗೆ ಖನಿಜ ಕಟ್ಟಿಕೊಂಡು ಗಟ್ಟಿಯಾದ ಉಂಡೆ), ಇನ್ನೊಂದು ಅದಕ್ಕೆ ತಾಗಿಕೊಂಡಿದ್ದ ಜೇಡಿಶಿಲೆಯದು. ಗಂಟುಕಲ್ಲಿನ ಸ್ಲೈಡಿನಲ್ಲಿ ರೇಡಿಯೊಲೇರಿಯದ (ಸಿಲಿಕಾ ಹಂದರವಿರುವ ಏಕಕೋಶ ಕಡಲಜೀವಿ) ಜಾಲರಿ ಗೋಳ ದುಂಡಗೆ ಉಳಿದಿದೆ, ಮುಳ್ಳುಗಳೂ ಮುರಿದಿಲ್ಲ, ರಂಧ್ರಗಳಲ್ಲಿ ತಿಳಿಯಾದ ಕ್ಯಾಲ್ಸೈಟ್ ತುಂಬಿದೆ. ಜೇಡಿಶಿಲೆಯಲ್ಲಿ ಅದೇ ಜೀವಿಯ ಜಾಗದಲ್ಲಿ ಚಪ್ಪಟೆಯಾದ ಮಸುಕು ಗೆರೆಯಷ್ಟೇ ಕಾಣುತ್ತದೆ.

ಕಾರಣವನ್ನು ವಿದ್ಯಾರ್ಥಿಗಳು ಇಲ್ಲಿಂದಲೇ ಊಹಿಸಬಲ್ಲರು. ಆಮ್ಲಜನಕವಿಲ್ಲದ ಕೆಸರಿನಲ್ಲಿ ಸಲ್ಫೇಟನ್ನು ಬಳಸುವ ಬ್ಯಾಕ್ಟೀರಿಯಾಗಳು ಜೈವಿಕ ಪದಾರ್ಥವನ್ನು ಕೊಳೆಸುವಾಗ ಬೈಕಾರ್ಬೊನೇಟ್ ಬಿಡುಗಡೆಯಾಗಿ, ಕಣಗಳ ನಡುವಿನ ನೀರಿನಲ್ಲಿರುವ ಕ್ಯಾಲ್ಸಿಯಂ ಜೊತೆ ಸೇರಿ ಕ್ಯಾಲ್ಸೈಟ್ ಆಗಿ ಕಟ್ಟಿಕೊಳ್ಳುತ್ತದೆ. ಹೊಸ ಕೆಸರಿನ ಗಾತ್ರದಲ್ಲಿ ಶೇ. 70ಕ್ಕೂ ಹೆಚ್ಚು ನೀರೇ ಇರಬಹುದಾದ್ದರಿಂದ, ಮೇಲಿನ ಹೂಳಿನ ಭಾರ ಬಿದ್ದು ಅದು ಹಿಂಡಿಹೋಗುವ ಮೊದಲೇ ಈ ಗಾರೆ ಗಟ್ಟಿಯಾದರೆ ಒಳಗಿನ ಚಿಪ್ಪು ಅಪ್ಪಚ್ಚಿಯಾಗುವುದಿಲ್ಲ, ಸುಲಭವಾಗಿ ಕರಗಿಹೋಗುವ ಸಿಲಿಕಾ ಕೂಡ ಉಳಿದುಕೊಳ್ಳುತ್ತದೆ. ನಮ್ಮ ಮನೆಗಳ ದೇವರ ಪೆಟ್ಟಿಗೆಯಲ್ಲಿರುವ ಗಂಡಕಿ ನದಿಯ ಸಾಲಿಗ್ರಾಮವೂ ಇಂಥ ಗಂಟೇ, ಒಳಗಿನ ಚಕ್ರ ಅಮೊನೈಟ್ ಎಂಬ ಅಳಿದುಹೋದ ಸುರುಳಿ ಚಿಪ್ಪಿನ ಕಡಲಜೀವಿಯದು ಎಂದಾಗ ಶಿರಸಿ ಕಡೆಯ ಮಕ್ಕಳ ಕಣ್ಣು ಅರಳುತ್ತದೆ.

ರೇಡಿಯೊಲೇರಿಯಗಳನ್ನು ದುರ್ಬಲ ಆಮ್ಲದಲ್ಲಿ ಗಂಟನ್ನು ಕರಗಿಸಿ ಬಿಡಿಯಾಗಿಯೂ ಕೊಟ್ಟಿದ್ದಾರೆ. ಆಮ್ಲಕ್ಕೆ ಚಿಪ್ಪೇ ಕರಗುವ ಫೊರಾಮಿನಿಫೆರಗಳನ್ನು ಮಾತ್ರ ತೆಳುವಾಗಿ ಕೊಯ್ದ ಸ್ಲೈಡಿನಲ್ಲಿಟ್ಟಿದ್ದಾರೆ. ತಯಾರಿಸಿದವರಿಗೆ ವಿಷಯ ಗೊತ್ತಿದೆ.

ಹಾಗಿದ್ದೂ ಒಂದು ಲೋಪವನ್ನು ನಾನು ಒಪ್ಪಲಾರೆ. ಗಂಟುಕಲ್ಲು ಅನೇಕ ವೇಳೆ ನಡುವಿನಿಂದ ಹೊರಕ್ಕೆ ಬೆಳೆಯುತ್ತದೆ, ಅಷ್ಟರಲ್ಲಿ ಕೆಸರು ಹಿಂಡುತ್ತಲೇ ಇರುವುದರಿಂದ ಅಂಚಿನಲ್ಲಿ ಕಾರ್ಬೊನೇಟ್ ಕಡಿಮೆ, ಚಿಪ್ಪುಗಳೂ ಹೆಚ್ಚು ಚಪ್ಪಟೆ. ಸ್ಲೈಡು ನಡುವಿನದೋ ಅಂಚಿನದೋ ಎಂಬುದನ್ನು ಚೀಟಿಯಲ್ಲಿ ಬರೆಯದೇ ಇದ್ದರೆ ಅರ್ಧ ಮಾಹಿತಿ ಕಳೆದಂತೆಯೇ ಸರಿ. ಕೆಲವು ಸ್ಲೈಡ್‌ಗಳು ವಾಡಿಕೆಯ 0.03 ಮಿ.ಮೀ.ಗಿಂತ ದಪ್ಪ, ಅಡ್ಡ ಧ್ರುವಕಗಳ (ಒಂದಕ್ಕೊಂದು ಅಡ್ಡವಾಗಿಟ್ಟ, ಬೆಳಕನ್ನು ಒಂದೇ ದಿಕ್ಕಿನ ಕಂಪನಕ್ಕೆ ಸೀಮಿತಗೊಳಿಸುವ ಎರಡು ಫಿಲ್ಟರುಗಳು) ನಡುವೆ ಬೂದುಬಣ್ಣಕ್ಕಿರಬೇಕಾದ ಕ್ವಾರ್ಟ್ಜ್ ಹಳದಿಗೆ ತಿರುಗುವುದೇ ಅದಕ್ಕೆ ಸಾಕ್ಷಿ. ರಟ್ಟಿನ ಪೆಟ್ಟಿಗೆ ನಮ್ಮ ಮಳೆಗಾಲಕ್ಕೆ ತಾಳದು, ಸ್ಲೈಡ್‌ಗಳನ್ನು ಬಿಗಿ ಮುಚ್ಚಳದ ಡಬ್ಬಿಗೆ ಹಾಕಿಡಿ.

ಪದವಿ ಕಾಲೇಜುಗಳು ಇದನ್ನು ಧಾರಾಳವಾಗಿ ತರಿಸಿಕೊಳ್ಳಬಹುದು. 100 ಪಟ್ಟು ಹಿಗ್ಗಿಸುವ ಸಾಮಾನ್ಯ ಸೂಕ್ಷ್ಮದರ್ಶಕವೇ ಸಾಕು. ಕೊಳ್ಳುವ ಮೊದಲು ಪ್ರತಿ ಸ್ಲೈಡು ಗಂಟಿನ ಯಾವ ಭಾಗದ್ದು ಎಂದು ಬರೆದುಕೊಡುವಂತೆ ಕೇಳಿರಿ.