ಹಳೇ ಸ್ಪೀಕರ್: ಫೋಮ್ ಅಂಚಿನದೋ, ರಬ್ಬರ್ ಅಂಚಿನದೋ?

ದಾವಣಗೆರೆಯ ವಿದ್ಯಾನಗರದಲ್ಲಿ ರೂಮ್ ಮಾಡಿಕೊಂಡು ಓದುವವರ ಕೈಯಲ್ಲಿ ದುಡ್ಡು ಕಡಿಮೆ, ಅಲ್ವಾ? ಹಾಗಾಗಿ ಹಳೇ ಸ್ಪೀಕರ್ ಕೊಳ್ಳುವಾಗ ಮೊದಲು ಮುಂದಿನ ಜಾಲರಿ ತೆಗೆಸಿ, ಕೋನಿನ (ಅದುರಿ ಸದ್ದು ಮಾಡುವ, ಬಟ್ಟಲಿನಂಥ ಭಾಗ) ಸುತ್ತಲಿನ ಅಂಚು ನೋಡಿ.

ಫೋಮ್ ಆದರೆ ಬೆರಳಿಂದ ಮೆಲ್ಲಗೆ ಮುಟ್ಟಿ. 1980ರ ದಶಕದ ಮೂಲ ಫೋಮ್ ಬಹುಪಾಲು ಪುಡಿಯಾಗಿ ಕೈಗೆ ಅಂಟುತ್ತದೆ. ಅದರ ಆಯಸ್ಸೇ ಸಾಮಾನ್ಯವಾಗಿ 15–20 ವರ್ಷ. ಹೊಸ ಅಂಚು ಹಾಕಿಸಬಹುದು, ಆದರೆ ಆ ಖರ್ಚು ಕಳೆದು ಬೆಲೆ ಕೇಳಿ. ರಬ್ಬರ್ ಅಂಚು ಇನ್ನೂ ಹೆಚ್ಚು ಕಾಲ ಬಾಳುತ್ತದೆ. ಸ್ವಲ್ಪ ಜಾಸ್ತಿ ಕೊಟ್ಟಾದರೂ ನಾನು ಇದನ್ನೇ ತೆಗೆದುಕೊಳ್ಳುತ್ತೇನೆ.

ಕೋನನ್ನು ಎರಡೂ ಕಡೆ ಸಮವಾಗಿ ಒತ್ತಿ. ಕರಕರ ಅಂದರೆ ಒಳಗೆ ಕಾಯಿಲ್ (ಕೋನಿಗೆ ಅಂಟಿದ ತಂತಿಸುರುಳಿ) ಉಜ್ಜುತ್ತಿದೆ. ಯಾವ ಅಂಚಿನದಾದರೂ ಬೇಡ. ಆಂಪ್ಲಿಫೈಯರ್‌ಗೂ ದುಡ್ಡು ಉಳಿಸಿಕೊಳ್ಳಿ. ಅದಿಲ್ಲದೆ ಇವು ಹಾಡುವುದಿಲ್ಲ.