12 ಅಂಕಿಯ ಟೇಬಲ್ ಕ್ಯಾಲ್ಕುಲೇಟರ್: ನಾಲ್ಕು ವರ್ಷ ಬಳಸಿದ ಮೇಲೆ

ಅಂಗಡಿಗಳ ಗಲ್ಲಾದ ಮೇಲೆ ಕಾಣುವ ಸಾಮಾನ್ಯ ಕ್ಯಾಲ್ಕುಲೇಟರ್ ಇದು. ಹಗಲು ಬಿಲ್ಲಿಗೆ, ಸಂಜೆ ಏಳು-ಎಂಟನೇ ತರಗತಿ ಮಕ್ಕಳ ಗಣಿತಕ್ಕೆ ಬಳಕೆ. ಕೂಡಿ ಕಳೆಯುವುದರಲ್ಲಿ ಒಮ್ಮೆಯೂ ಕೈಕೊಟ್ಟಿಲ್ಲ. ಎಡವುವುದೆಲ್ಲ ಶೇಕಡಾ ಗುಂಡಿಯಲ್ಲಿ.

500 ರೂಪಾಯಿಗೆ 18% ಜಿಎಸ್‌ಟಿ ಸೇರಿಸಲು 500 + 18 % ಒತ್ತಿದರೆ 590 ಬರುವುದಿಲ್ಲ, 609.756 ಚಿಲ್ಲರೆ ಬರುತ್ತದೆ. ಯಂತ್ರ ಕೆಟ್ಟಿಲ್ಲ. ಅದು 500ನ್ನು 0.82ರಿಂದ ಭಾಗಿಸಿದೆ, ಮಾರುವ ಬೆಲೆಯಲ್ಲಿ 18% ಲಾಭ ಉಳಿಯಬೇಕಾದರೆ ಎಷ್ಟಕ್ಕೆ ಮಾರಬೇಕು ಅನ್ನುವ ಲೆಕ್ಕ ಅದು. ಬೇರೆ ಮಾದರಿಗಳಲ್ಲಿ ಇದೇ ಗುಂಡಿಗಳಿಗೆ 590 ಸಿಗುತ್ತದೆ. ಕೊಳ್ಳುವಾಗ ಅಂಗಡಿಯಲ್ಲೇ 100 + 20 % ಒತ್ತಿ ನೋಡಿ. 120 ಬಂದರೆ ಕೊಂಡ ಬೆಲೆಯ ಮೇಲಿನ ಶೇಕಡಾ, 125 ಬಂದರೆ ಮಾರುವ ಬೆಲೆಯ ಮೇಲಿನದು. ಯಾವುದೇ ಯಂತ್ರವಿರಲಿ, 1.18ರಿಂದ ಗುಣಿಸಿದರೆ ತಕರಾರೇ ಇಲ್ಲ.

ತೆರಿಗೆ ಸೇರಿದ 590ರಿಂದ ಮೂಲ ಬೆಲೆ ತೆಗೆಯುವಾಗ ಹೆಚ್ಚಿನವರು 18% ಕಳೆದು 483.80 ಬರೆಯುತ್ತಾರೆ. ತಪ್ಪು. ಆ 18% ಇದ್ದದ್ದು 500ರ ಮೇಲೆ, 590ರ ಮೇಲಲ್ಲ. 590 ÷ 1.18 = 500. ತೆರಿಗೆಯಷ್ಟೇ ಬೇಕಿದ್ದರೆ 590 × 18 ÷ 118 = 90. ಶೇಕಡಾ ಅಂದರೆ ಛೇದ 100 ಇರುವ ಭಿನ್ನರಾಶಿ ಅಷ್ಟೇ, ಆದರೆ ಯಾವುದರ ನೂರು ಅನ್ನುವುದನ್ನು ಗುಂಡಿ ಹೇಳುವುದಿಲ್ಲ. 20% ರಿಯಾಯಿತಿಯ ಮೇಲೆ ಮತ್ತೆ 10% ಕೊಟ್ಟರೂ ಒಟ್ಟು 28% ಆಗುವುದು ಇದಕ್ಕೇ: 0.8 × 0.9 = 0.72.

ಭಾಗಲಬ್ಧ ಸಂಖ್ಯೆ ಕಲಿಸಲು ಇದರ ಮಿತಿಯೇ ಒಳ್ಳೆಯ ಪಾಠ. 1 ÷ 7 ಒತ್ತಿದರೆ 0.14285714285. 142857 ಮರುಕಳಿಸುವುದು ಕಣ್ಣಿಗೇ ಕಾಣುತ್ತದೆ, ಮಕ್ಕಳಿಗೆ ತುಂಬಾ ಖುಷಿ. ಅದನ್ನೇ ಮತ್ತೆ 7ರಿಂದ ಗುಣಿಸಿದರೆ 1 ಬರದೆ 0.99999999995 ಬರುತ್ತದೆ, ಪರದೆಯಲ್ಲಿ ಹಿಡಿಯದ ಅಂಕಿಗಳನ್ನು ಯಂತ್ರ ಬಿಟ್ಟುಬಿಟ್ಟಿರುವುದರಿಂದ. ಆದ್ದರಿಂದ ಮೊದಲು ಗುಣಿಸಿ, ಭಾಗಾಕಾರವನ್ನು ಕೊನೆಗೆ ಇಟ್ಟುಕೊಳ್ಳಿ. 1/8 ಮಾತ್ರ 0.125ಕ್ಕೇ ನಿಲ್ಲುತ್ತದೆ, ಸಂಕ್ಷಿಪ್ತ ರೂಪದ ಛೇದದಲ್ಲಿ 2, 5 ಬಿಟ್ಟು ಬೇರೆ ಅವಿಭಾಜ್ಯ ಅಪವರ್ತನವಿಲ್ಲದಿದ್ದರೆ ಹೀಗೆ.

ಯಂತ್ರದ ಮೇಲ್ಭಾಗದಲ್ಲಿ ದಶಾಂಶ ಬಿಂದುವಿನ ಸ್ಥಾನ ಆರಿಸುವ ಜಾರುಗುಂಡಿಯ ಬಗ್ಗೆ ಎಚ್ಚರ. ಡ್ರಾಯರ್‌ನಲ್ಲಿ ತಾಗಿ ‘ಆ್ಯಡ್2’ಕ್ಕೆ ಸರಿದರೆ ಕೊನೆಯ ಎರಡು ಅಂಕಿಗಳ ಮುಂದೆ ಯಂತ್ರವೇ ಬಿಂದು ಹಾಕಿಕೊಂಡು (1.25 + 0.75), 125 + 75ಕ್ಕೆ 2.00 ತೋರಿಸುತ್ತದೆ. ಬಿಂದುವನ್ನು ಒತ್ತಿದಲ್ಲೇ ಬಿಡುವ ‘ಎಫ್’ನಲ್ಲೇ ಇಡಿ. ಸೋಲಾರ್ ಪಟ್ಟಿಗೆ ಕೈ ಅಡ್ಡ ಬಂದಾಗ ಅಂಕಿ ಮಸುಕಾದರೆ ಒಳಗಿನ ಬಟನ್ ಸೆಲ್ ಮುಗಿದಿದೆ ಎಂದರ್ಥ.